ರೋಂಡಾ: ಸೇತುವೆಯ ಮೇಲಿಂದಲೇ ಮರಳಬೇಡಿ

ಸ್ಪೇನಿನ ದಕ್ಷಿಣದ ಆಂದಲೂಸಿಯ ಸೀಮೆಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಕಮರಿಯ ಮೇಲಿನ ಸೇತುವೆಗೆ ಹೆಸರಾದ ರೋಂಡಾ ಊರನ್ನು ನೋಡುವುದು ಮೂರು ಗಂಟೆಗಳಲ್ಲಿ. ಮಾಲಗಾದಿಂದಲೋ ಸೆವಿಲ್‌ನಿಂದಲೋ ಬೆಳಿಗ್ಗೆ ಹೊರಟ ಪ್ರವಾಸಿ ಬಸ್ಸು ಹನ್ನೊಂದರ ಸುಮಾರಿಗೆ ಇಳಿಸುತ್ತದೆ. ಸೇತುವೆಯ ಮೇಲೆ ನೂಕುನುಗ್ಗಲಿನ ನಡುವೆ ನಾಲ್ಕು ಫೋಟೊ, ಅವಸರದ ಒಂದು ಊಟ, ಮತ್ತೆ ಬಸ್ಸು. ಮೊದಲ ಸಲ ನಾನೂ ಹಾಗೆಯೇ ನೋಡಿ ಬಂದೆ. ಎರಡನೆಯ ಸಲ ಮೂರು ರಾತ್ರಿ ಉಳಿದಾಗ ತಿಳಿಯಿತು, ಮೊದಲ ಸಲ ನಿಂತಿದ್ದ ಜಾಗದಿಂದ ಸೇತುವೆಯೇ ಕಂಡಿರಲಿಲ್ಲ ಎಂದು. ಮೇಲೆ ನಿಂತವರಿಗೆ ಕಮರಿ ಕಾಣುತ್ತದೆ. ಸೇತುವೆ ಕಾಣಬೇಕಾದರೆ ಕೆಳಗಿಳಿಯಬೇಕು. ಊರು ಕಾಣಬೇಕಾದರೆ ಒಂದು ರಾತ್ರಿಯಾದರೂ ಉಳಿಯಬೇಕು. ಮುಂದೆ ಬರೆದಿರುವುದೆಲ್ಲ ಈ ಎರಡು ಮಾತುಗಳ ವಿವರ.

ಹೊರಡುವ ಮುನ್ನ

ರೋಂಡಾ ಮಾಲಗಾ ಪ್ರಾಂತ್ಯಕ್ಕೆ ಸೇರಿದ, ಸಮುದ್ರಮಟ್ಟದಿಂದ ಸುಮಾರು 740 ಮೀಟರ್ ಎತ್ತರದಲ್ಲಿರುವ ಊರು. ಬೆಂಗಳೂರಿನಿಂದ ಮಾಲಗಾಗೆ ನೇರ ವಿಮಾನವಿಲ್ಲ. ಕೊಲ್ಲಿ ದೇಶಗಳ ಅಥವಾ ಯೂರೋಪಿನ ಯಾವುದಾದರೂ ನಗರದ ಮೂಲಕ ಹೋಗಬೇಕು. ಷೆಂಗೆನ್ ವೀಸಾ ಬೇಕೇ ಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಸಲ್ಲಿಸಬಹುದು, ಕೊನೆಯ ಪಕ್ಷ ಹದಿನೈದು ದಿನ ಮುಂಚೆ ಸಲ್ಲಿಸಿರಬೇಕು. ಬೇಸಿಗೆ ರಜೆಯ ಹೊತ್ತಿಗೆ ಸಂದರ್ಶನದ ದಿನಾಂಕ ಸಿಗುವುದೇ ಕಷ್ಟವಾದ್ದರಿಂದ ಎರಡು ಮೂರು ತಿಂಗಳ ಮೊದಲೇ ಕೆಲಸ ಮುಗಿಸಿಕೊಳ್ಳಿ. ಪ್ರಯಾಣ ವಿಮೆ ಕನಿಷ್ಠ 30,000 ಯೂರೊಗಳದ್ದಾಗಿರಬೇಕು.

ಯಾವ ಕಾಲಕ್ಕೆ ಹೋಗಬೇಕು ಎಂದರೆ ಏಪ್ರಿಲ್, ಮೇ ಅಥವಾ ಅಕ್ಟೋಬರ್ ಎನ್ನುತ್ತೇನೆ. ವಸಂತದಲ್ಲಿ ಗುಡ್ಡಗಳು ಹಸಿರಾಗಿರುತ್ತವೆ, ಹಾದಿಬದಿಯಲ್ಲಿ ಕೆಂಪು ಗಸಗಸೆ ಹೂ ಅರಳಿರುತ್ತದೆ. ಜುಲೈ, ಆಗಸ್ಟ್ ಬೇಡ. ಬಿಸಿಲಿಗೆ ಕಮರಿಯ ಹಾದಿ ಹತ್ತುವುದು ಶಿಕ್ಷೆಯಾಗುತ್ತದೆ. ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಊರಿನ ದೊಡ್ಡ ಜಾತ್ರೆ ನಡೆಯುತ್ತದೆ. ಜಾತ್ರೆಯನ್ನೇ ನೋಡುವ ಮನಸ್ಸಿಲ್ಲದಿದ್ದರೆ ಆ ವಾರ ಬಿಡಿ, ಕೋಣೆಗಳ ಬಾಡಿಗೆ ಮೇಲೇರಿರುತ್ತದೆ. ಚಳಿಗಾಲದಲ್ಲಿ ಹಗಲು ಹಿತವಾಗಿದ್ದರೂ ರಾತ್ರಿ ಕೊರೆಯುತ್ತದೆ, ಸ್ವೆಟರ್ ಮರೆಯಬೇಡಿ.

ಮಾಲಗಾದಿಂದ ಸುಮಾರು 100 ಕಿ.ಮೀ., ಸೆವಿಲ್‌ನಿಂದ 130 ಕಿ.ಮೀ. ಎರಡೂ ಕಡೆಯಿಂದ ಬಸ್ಸಿದೆ. ರೈಲೂ ಇದೆ, ಆದರೆ ಗಾಡಿಗಳು ಕಡಿಮೆ, ನಡುವೆ ಬದಲಿಸಬೇಕಾಗಬಹುದು. ಕಾರು ಬಾಡಿಗೆಗೆ ಪಡೆಯುವುದಾದರೆ ನಮ್ಮ ಆರ್‌ಟಿಒ ಕಚೇರಿಯಲ್ಲಿ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಜೊತೆಗಿರಲಿ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು. ಹಳೆಯ ಊರಿನೊಳಗೆ ಕಾರು ನುಗ್ಗಿಸುವ ಸಾಹಸ ಮಾತ್ರ ಬೇಡ. ಅಲ್ಲಿನ ಬೀದಿಗಳು ಕತ್ತೆ ಮತ್ತು ಹೇಸರಗತ್ತೆಗಳ ಅಳತೆಗೆ ಆದವು. ಹೊಸ ಊರಿನ ಕಡೆಯ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಬಿಟ್ಟು ನಡೆಯಿರಿ.

ಊರಿನ ನಕ್ಷೆಯನ್ನು ಮೊದಲು ಮನಸ್ಸಿನಲ್ಲಿ ಬರೆದುಕೊಳ್ಳಿ

ರೋಂಡಾ ಒಂದು ಊರಲ್ಲ, ಎರಡು. ಗ್ವಾದಲೆವೀನ್ ಎಂಬ ಚಿಕ್ಕ ಹೊಳೆ ಸುಣ್ಣಕಲ್ಲಿನ ದಿಬ್ಬವನ್ನು ಕೊರೆದು ಸೀಳಿದೆ. ಆ ಸೀಳನ್ನು ಜನ ಎಲ್ ತಾಹೊ ಎನ್ನುತ್ತಾರೆ, ಕಡಿದ ಗಾಯ ಎಂಬಂಥ ಅರ್ಥ. ತೆಂಕಣ ದಂಡೆಯಲ್ಲಿ ಮುಸ್ಲಿಂ ದೊರೆಗಳ ಕಾಲದ ಹಳೆಯ ಊರಿದೆ. ಬಡಗಣ ದಂಡೆಯಲ್ಲಿ 1485ರ ಮೇ ತಿಂಗಳಲ್ಲಿ ಕ್ರೈಸ್ತ ದೊರೆ ಫರ್ಡಿನಾಂಡ್ ಊರನ್ನು ಗೆದ್ದ ಮೇಲೆ ಬೆಳೆದ ಹೊಸ ಪೇಟೆ. ಎರಡನ್ನೂ ಕಟ್ಟಿ ಹಿಡಿದಿರುವುದು 98 ಮೀಟರ್ ಎತ್ತರದ ಪ್ವೆಂತೆ ನ್ವೇವೊ, ಅಂದರೆ ಹೊಸ ಸೇತುವೆ. ಹೆಸರು ಹೊಸದು, ಕಟ್ಟಿ ಮುಗಿಸಿದ್ದು 1793ರಲ್ಲಿ.

ಈ ಸೇತುವೆಗೆ ಮುಂಚೆ ಅದೇ ಜಾಗದಲ್ಲಿ ಇನ್ನೊಂದಿತ್ತು. 1735ರಲ್ಲಿ ಒಂದೇ ಕಮಾನಿನ ಸೇತುವೆಯನ್ನು ಕೆಲವೇ ತಿಂಗಳಲ್ಲಿ ಎತ್ತಿ ನಿಲ್ಲಿಸಿದರು. ಆರು ವರ್ಷ ಕಳೆಯುವಷ್ಟರಲ್ಲಿ ಅದು ಕುಸಿದು ಸುಮಾರು ಐವತ್ತು ಜನ ಸತ್ತರು. ಆ ಆಘಾತದಿಂದ ಹತ್ತು ವರ್ಷ ಯಾರೂ ಮತ್ತೆ ಕೈಹಾಕಲಿಲ್ಲ. 1751ರಲ್ಲಿ ಶುರುವಾದ ಈಗಿನ ಸೇತುವೆಗೆ 42 ವರ್ಷ ಹಿಡಿಯಿತು. ಕಮರಿಯ ಬುಡದಿಂದಲೇ ಕಲ್ಲಿನ ಮೇಲೆ ಕಲ್ಲಿಟ್ಟು ಎತ್ತಿದ ಕಟ್ಟಡವಿದು. ಶಿಲ್ಪಿ ಹೊಸೆ ಮಾರ್ತಿನ್ ದೆ ಅಲ್ದೆಹುವೇಲಾ ಸೇತುವೆಯಿಂದ ಬಿದ್ದು ಸತ್ತನೆಂದು ದಾರಿ ತೋರಿಸುವವರು ಕಥೆ ಹೇಳುತ್ತಾರೆ, ನಂಬಬೇಡಿ. ಆತ ತೀರಿಕೊಂಡದ್ದು 1802ರಲ್ಲಿ, ಮಾಲಗಾದಲ್ಲಿ. ನಡುಗಮಾನಿನ ಮೇಲೆ ಒಂದು ಕೋಣೆಯಿದೆ. ಹಿಂದೆ ಸೆರೆಮನೆಯಾಗಿತ್ತು, ಈಗ ಸೇತುವೆಯ ಕಥೆ ಹೇಳುವ ಪುಟ್ಟ ಪ್ರದರ್ಶನವಿದೆ. ಹತ್ತು ನಿಮಿಷ ಸಾಕು.

ಮೊದಲ ಸಂಜೆ: ಕೆಳಗಿಳಿಯಿರಿ

ಮಧ್ಯಾಹ್ನ ತಲುಪಿ ಸಾಮಾನು ಇಟ್ಟವರು ಸೂರ್ಯ ಮುಳುಗಲು ಎರಡು ಗಂಟೆ ಇರುವಾಗ ಹೊರಡಬೇಕು. ಸೇತುವೆ ದಾಟಿ ಹಳೆಯ ಊರಿಗೆ ಬಂದು ಬಲಕ್ಕೆ ತಿರುಗಿದರೆ ಮರೀಯಾ ಆಕ್ಸಿಲಿಯಾದೋರಾ ಎಂಬ ಚಿಕ್ಕ ಚೌಕ ಸಿಗುತ್ತದೆ. ಅಲ್ಲಿಂದ ಕಣಿವೆಗೆ ಕಾಲುದಾರಿ ಇಳಿಯುತ್ತದೆ. ಹಿಂದೆ ಹೊಳೆಯ ನೀರಿನಿಂದ ತಿರುಗುತ್ತಿದ್ದ ಹಿಟ್ಟಿನ ಗಿರಣಿಗಳಿಗೆ ಜನ ಓಡಾಡುತ್ತಿದ್ದ ದಾರಿಯಿದು. ಕೆಲವು ಕಡೆ ಕಲ್ಲು ಹಾಸಿದೆ, ಕೆಲವು ಕಡೆ ಸಡಿಲ ಜಲ್ಲಿ. ಚಪ್ಪಲಿ ಬೇಡ, ಹಿಡಿತವಿರುವ ಬೂಟು ಬೇಕು. ಮಂಡಿನೋವಿದ್ದವರು ಮೊದಲ ತಿರುವಿನವರೆಗೆ ಇಳಿದರೂ ನಷ್ಟವಿಲ್ಲ. ಅರ್ಧ ಸೇತುವೆ ಅಲ್ಲಿಂದಲೇ ಕಾಣುತ್ತದೆ.

ಪೂರ್ತಿ ಇಳಿದವರಿಗೆ ಕಾಣುವ ನೋಟವನ್ನು ಬರೆದು ಮುಗಿಸಲಾಗದು. ತಲೆ ಎತ್ತಿದರೆ ಎರಡು ಬಂಡೆಗೋಡೆಗಳ ನಡುವೆ ಸೇತುವೆ, ಅದರ ಬುಡದಿಂದ ಹೊಳೆ ಧುಮುಕುತ್ತದೆ, ಮೇಲೆ ಅಂಚಿನವರೆಗೂ ಒತ್ತಿ ನಿಂತ ಬಿಳಿ ಮನೆಗಳು. ಈ ಮುಖ ಪಡುವಣಕ್ಕಿರುವುದರಿಂದ ಬೆಳಿಗ್ಗೆ ನೆರಳಿನಲ್ಲಿರುತ್ತದೆ, ಸಂಜೆಯ ಬಿಸಿಲು ನೇರವಾಗಿ ಬೀಳುತ್ತದೆ. ಬೂದು ಬಣ್ಣದ ಕಲ್ಲು ಮೊದಲು ಬೆಲ್ಲದ ಬಣ್ಣಕ್ಕೆ, ಆಮೇಲೆ ಕೆಂಪಿಗೆ ತಿರುಗುತ್ತದೆ. ಸಂದುಗಳಲ್ಲಿ ಗೂಡು ಕಟ್ಟಿರುವ ಕೆಂಪು ಕೊಕ್ಕಿನ ಕಾಗೆಜಾತಿಯ ಹಕ್ಕಿಗಳು ಕಮರಿಯ ಗಾಳಿಯಲ್ಲಿ ಕೂಗುತ್ತ ಸುತ್ತುತ್ತವೆ. ಮಧ್ಯಾಹ್ನದ ಬಸ್ಸಿಗೆ ಹೊರಟುಹೋದವರು ಇದನ್ನು ಕಳೆದುಕೊಂಡರಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ. ಟಾರ್ಚ್ ಒಯ್ಯಿರಿ, ಹತ್ತಿ ಬರುವಾಗ ಕತ್ತಲಾಗುತ್ತದೆ. ಈಚಿನ ವರ್ಷಗಳಲ್ಲಿ ಸೇತುವೆಯ ಬುಡದತ್ತ ಬಂಡೆಗೆ ಅಂಟಿಕೊಂಡಂತೆ ಟಿಕೆಟ್ ಇರುವ ಕಾಲುದಾರಿಯೊಂದನ್ನೂ ಮಾಡಿದ್ದಾರೆ, ಅಲ್ಲಿ ತಲೆಗೆ ಹೆಲ್ಮೆಟ್ ಕೊಡುತ್ತಾರೆ. ಎತ್ತರದ ಭಯವಿಲ್ಲದವರು ಹಗಲಿನಲ್ಲಿ ಹೋಗಬಹುದು.

ಎರಡನೆಯ ಬೆಳಿಗ್ಗೆ: ನೀರಿನ ಜಾಡು ಹಿಡಿದು ಹಳೆಯ ಊರು

ಬಸ್ಸುಗಳು ಬರುವ ಮುನ್ನ, ಅಂದರೆ ಹತ್ತೂವರೆಯೊಳಗೆ, ಹಳೆಯ ಊರು ನಿಮ್ಮದು. ಈ ಊರನ್ನು ನೀರಿನ ಕಥೆಯಾಗಿ ನೋಡುವುದು ನನಗೆ ಇಷ್ಟ. ಬೆಟ್ಟದ ತುದಿಯ ಕೋಟೆಯೂರಿಗೆ ಶತ್ರುಗಳಿಗಿಂತ ದೊಡ್ಡ ಭಯ ಬಾಯಾರಿಕೆಯದು.

ಆದ್ದರಿಂದ ಮೊದಲು ಕಾಸಾ ದೆಲ್ ರೇಯ್ ಮೋರೊಗೆ ಹೋಗಿ. ಮೂರ್ ದೊರೆಯ, ಅಂದರೆ ಮುಸ್ಲಿಂ ದೊರೆಯ, ಮನೆ ಎಂದು ಹೆಸರು, ಆದರೆ ಮನೆ ಕಟ್ಟಿದ್ದು ಹದಿನೆಂಟನೆಯ ಶತಮಾನದಲ್ಲಿ. ಹಳೆಯದು ಅದರ ಕೆಳಗಿದೆ. ಬಂಡೆಯೊಳಗೆ ಕೊರೆದ ಸುರಂಗದ ಮೆಟ್ಟಿಲುಗಳು ಹೊಳೆಯ ನೀರಿನ ಮಟ್ಟದವರೆಗೆ ಇಳಿಯುತ್ತವೆ, ಹೆಚ್ಚುಕಡಿಮೆ ಇನ್ನೂರು. ಸೆರೆಸಿಕ್ಕ ಕ್ರೈಸ್ತರು ತೊಗಲ ಚೀಲಗಳಲ್ಲಿ ನೀರು ತುಂಬಿಕೊಂಡು ಈ ಮೆಟ್ಟಿಲುಗಳನ್ನು ಹತ್ತುತ್ತಿದ್ದರು. ‘ರೋಂಡಾದಲ್ಲಿ ನೀರಿನ ಚೀಲ ಹೊರುತ್ತ ಸಾಯಿ’ ಎಂಬ ಶಾಪದ ಮಾತು ಸ್ಪ್ಯಾನಿಷ್‌ನಲ್ಲಿ ಉಳಿದುಬಂದಿದೆ. 1485ರ ಮುತ್ತಿಗೆಯಲ್ಲಿ ಈ ನೀರಿನ ದಾರಿ ಕೈತಪ್ಪಿದ ಮೇಲೆ ಊರು ಹೆಚ್ಚು ದಿನ ತಡೆಯಲಿಲ್ಲ. ಮೆಟ್ಟಿಲು ಒದ್ದೆ, ಎತ್ತರ ಒಂದೇ ಸಮ ಇಲ್ಲ. ಗೋಡೆ ಹಿಡಿದು ಇಳಿಯಿರಿ. ತಳದಲ್ಲಿ ಹಸಿರು ನೀರಿನ ಪಕ್ಕ ನಿಂತು ಒಂದು ನಿಮಿಷ ಸುಮ್ಮನಿದ್ದರೆ, ಕೊಡ ಹೊತ್ತು ಗುಡ್ಡ ಹತ್ತಿದ ಅಜ್ಜಿಯಂದಿರು ಇರುವ ಮನೆಯವರಿಗೆ ಆ ಮೆಟ್ಟಿಲುಗಳು ಹೊಸತೆನಿಸುವುದಿಲ್ಲ.

ಅಲ್ಲಿಂದ ಬೀದಿ ಇಳಿದರೆ ಇನ್ನೆರಡು ಹಳೆಯ ಸೇತುವೆಗಳು, ಅವುಗಳ ಹತ್ತಿರವೇ ಅರಬ್ಬರ ಸ್ನಾನಗೃಹ. ಹದಿಮೂರು, ಹದಿನಾಲ್ಕನೆಯ ಶತಮಾನಗಳ ಈ ಕಟ್ಟಡ ಸ್ಪೇನಿನಲ್ಲಿ ಚೆನ್ನಾಗಿ ಉಳಿದಿರುವ ಇಂಥವುಗಳಲ್ಲಿ ಒಂದು. ಕತ್ತೆ ಸುತ್ತಿ ತಿರುಗಿಸುತ್ತಿದ್ದ ಚಕ್ರ ನೀರನ್ನು ಗೋಪುರಕ್ಕೆ ಎತ್ತಿ ಕಾಲುವೆಗೆ ಸುರಿಯುತ್ತಿತ್ತು; ಒಂದು ಕೊನೆಯಲ್ಲಿ ಒಲೆ ಉರಿಯುತ್ತಿತ್ತು, ಬಿಸಿ ನೆಲದಡಿಯಲ್ಲಿ ಹರಿಯುತ್ತಿತ್ತು. ತಣ್ಣನೆಯ, ಬೆಚ್ಚನೆಯ, ಬಿಸಿಯ ಕೋಣೆಗಳು ಸಾಲಾಗಿವೆ. ಚಾವಣಿಯ ನಕ್ಷತ್ರಾಕಾರದ ಕಿಂಡಿಗಳಿಂದ ಬೆಳಕು ನೆಲಕ್ಕೆ ಬೀಳುತ್ತದೆ. ಒಳಗೆ ತೋರಿಸುವ ಕಿರುಚಿತ್ರ ನೋಡಿ, ಕಟ್ಟಡದ ಕೆಲಸ ಅರ್ಥವಾಗುತ್ತದೆ.

ಮತ್ತೆ ಮೇಲೆ ಹತ್ತಿ ಸಾಂತಾ ಮರೀಯಾ ಲಾ ಮಯೋರ್ ಚರ್ಚಿಗೆ ಬನ್ನಿ. ಊರಿನ ದೊಡ್ಡ ಮಸೀದಿಯಿದ್ದ ಜಾಗದಲ್ಲಿ ಎದ್ದ ಚರ್ಚಿದು. ಬಾಗಿಲ ಬಳಿ ಮಿಹ್ರಾಬಿನ, ಅಂದರೆ ಮಸೀದಿಯಲ್ಲಿ ಮೆಕ್ಕಾದ ದಿಕ್ಕು ತೋರುವ ಗೂಡಿನ, ಕಮಾನಿನ ಅವಶೇಷ ಇನ್ನೂ ಇದೆ. ಅವಸರದಲ್ಲಿ ದಾಟಿಹೋಗುವಷ್ಟು ಮೂಲೆಯಲ್ಲಿರುವುದರಿಂದ ಹುಡುಕಿ ನೋಡಿ. ಮೊಂದ್ರಾಗೊನ್ ಅರಮನೆಯ ಅಂಗಳಗಳು ನಮ್ಮ ತೊಟ್ಟಿಮನೆಗಳನ್ನು ಬಲ್ಲವರಿಗೆ ಬಹಳ ಆಪ್ತವೆನಿಸುತ್ತವೆ. ದಕ್ಷಿಣದ ತುದಿಯಲ್ಲಿ ಹದಿಮೂರನೆಯ ಶತಮಾನದ ಅಲ್ಮೊಕಾಬರ್ ಹೆಬ್ಬಾಗಿಲಿದೆ. ಅರಬ್ಬಿಯಲ್ಲಿ ‘ಮಕಾಬಿರ್’ ಎಂದರೆ ಗೋರಿಗಳು. ಸ್ಮಶಾನ ಈ ಬಾಗಿಲಿನ ಹೊರಗಿತ್ತು. ಬಾಗಿಲಿನಾಚೆಯ ಸಾನ್ ಫ್ರಾನ್ಸಿಸ್ಕೊ ಕೇರಿಯ ಚೌಕದಲ್ಲಿ ಊರವರು ಮಕ್ಕಳೊಂದಿಗೆ ಕೂತು ಉಣ್ಣುತ್ತಾರೆ. ಸೇತುವೆಯ ಪಕ್ಕದ ಹೋಟೆಲುಗಳಿಗಿಂತ ಇಲ್ಲಿ ಬೆಲೆ ಕಡಿಮೆ.

ಊಟದ ವಿಷಯ

ಊಟದ ಹೊತ್ತು ತಪ್ಪಿದರೆ ಹಸಿದಿರಬೇಕಾಗುತ್ತದೆ. ಮಧ್ಯಾಹ್ನ ಒಂದೂವರೆಯಿಂದ ನಾಲ್ಕು, ರಾತ್ರಿ ಎಂಟೂವರೆಯ ಮೇಲೆ. ನಡುವೆ ಹೆಚ್ಚಿನ ಅಡುಗೆಮನೆಗಳು ಮುಚ್ಚಿರುತ್ತವೆ, ಅಂಗಡಿಗಳೂ ಹಾಗೆಯೇ. ಆ ಹೊತ್ತಿಗೆ ನೀವೂ ಕೋಣೆಗೆ ಹೋಗಿ ಮಲಗಿ.

ಸಸ್ಯಾಹಾರಿಗಳು ಗಾಬರಿಪಡಬೇಕಿಲ್ಲ, ಆದರೆ ಕೇಳುವ ಮಾತು ಕಲಿತಿರಬೇಕು. ‘ಸೋಯ್ ವೆಹೆತಾರಿಯಾನೊ’ ಎಂದು ಗಂಡಸರು, ‘ವೆಹೆತಾರಿಯಾನಾ’ ಎಂದು ಹೆಂಗಸರು ಹೇಳಿದರೆ ಸಾಲದು. ಹಂದಿಮಾಂಸದ ಚೂರು, ಮೀನು ಇವನ್ನು ಕೆಲವರು ಮಾಂಸದ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ‘ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೊ’ (ಮಾಂಸ ಬೇಡ, ಹಂದಿಮಾಂಸ ಬೇಡ, ಮೀನು ಬೇಡ) ಎಂದು ಒಂದೊಂದನ್ನೂ ಬಿಡಿಸಿ ಹೇಳಿ. ಸಲಾಡ್ ತರಿಸಿದರೆ ಮೇಲೆ ಟ್ಯೂನಾ ಮೀನು ಬರಬಹುದು, ‘ಸಿನ್ ಅತೂನ್’ ಎನ್ನಿ. ಟೊಮೇಟೊ, ಬ್ರೆಡ್ಡು, ಎಣ್ಣೆ ಕಡೆದು ಮಾಡುವ ಸಾಲ್ಮೊರೇಹೊ ಎಂಬ ತಣ್ಣನೆಯ ಸಾರು ಬಹಳ ರುಚಿ, ಆದರೆ ಅದರ ಮೇಲೆ ಮೊಟ್ಟೆ ಮತ್ತು ಹಂದಿಮಾಂಸ ಉದುರಿಸುವುದು ವಾಡಿಕೆ, ಮೊದಲೇ ಬೇಡವೆನ್ನಿ. ಕಬ್ಬಿನ ಕಾಕಂಬಿ ಸುರಿದು ಕೊಡುವ ಕರಿದ ಬದನೆಕಾಯಿಯನ್ನು ಬಿಡಲೇಬೇಡಿ. ಕಡಲೆಕಾಳು ಪಾಲಕ್ ಪಲ್ಯವೂ ಹಲವು ಕಡೆ ಸಿಗುತ್ತದೆ. ಬೆಳಗಿನ ತಿಂಡಿಗೆ ಸುಟ್ಟ ಬ್ರೆಡ್ಡಿನ ಮೇಲೆ ಹಸಿ ಟೊಮೇಟೊ ತಿರುಳು, ಆಲಿವ್ ಎಣ್ಣೆ, ಉಪ್ಪು. ಊರಿನ ಸಿಹಿ ಯೇಮಾಸ್ ದೆಲ್ ತಾಹೊ ಪೂರ್ತಿ ಮೊಟ್ಟೆಯ ಹಳದಿಯಿಂದ ಮಾಡಿದ್ದು, ತಿಳಿದು ಕೊಳ್ಳಿ. ಅಡುಗೆಮನೆಯಿರುವ ಕೋಣೆ ಹಿಡಿದರೆ ಸೂಪರ್ ಮಾರ್ಕೆಟ್ಟಿನ ಅಕ್ಕಿ ಮತ್ತು ಸಕ್ಕರೆ ಹಾಕದ ಮೊಸರಿನಿಂದ ಮೊಸರನ್ನವಾಗುತ್ತದೆ. ಮೂರನೆಯ ದಿನಕ್ಕೆ ನಮ್ಮ ಮನೆಯವರಿಗೆ ಅದರಷ್ಟು ಸುಖ ಬೇರೆ ಇರಲಿಲ್ಲ.

ಗೂಳಿಕಾಳಗದ ಅಂಗಣ

1785ರಲ್ಲಿ ತೆರೆದ ಈ ಅಂಗಣದ ವ್ಯಾಸ 66 ಮೀಟರ್. ಸುತ್ತ ಎರಡು ಅಂತಸ್ತಿನ ಕಲ್ಲುಕಂಬಗಳ ಸಾಲು. ಪ್ರಾಣಿಯನ್ನು ಚುಚ್ಚಿ ಕೊಲ್ಲುವ ಆಟವನ್ನು ನಾನು ಒಪ್ಪಲಾರೆ, ಕಾಳಗದ ಟಿಕೆಟ್ ಕೊಳ್ಳಲಾರೆ. ಕಟ್ಟಡವನ್ನು ಮಾತ್ರ ನೋಡಿದೆ. ಕಲ್ಲುಕೆಲಸ ನೋಡಲು ತಕ್ಕದ್ದೇ. ಮನಸ್ಸು ಒಪ್ಪದವರು ಪಕ್ಕದ ಅಲಮೇದಾ ಉದ್ಯಾನಕ್ಕೆ ಹೋಗಿ. ಮರಗಳ ನೆರಳಲ್ಲಿ ನಡೆದು ತುದಿ ತಲುಪಿದರೆ ಪ್ರಪಾತದ ಮೇಲೆ ಚಾಚಿದ ಮೊಗಸಾಲೆಗಳಿಂದ ಇಡೀ ಕಣಿವೆ ಕಾಣುತ್ತದೆ. ಅದಕ್ಕೆ ಟಿಕೆಟ್ಟೂ ಇಲ್ಲ.

ಗೋಡೆಗಳನ್ನು ಮುಟ್ಟಿ ನೋಡಿ

ಸುತ್ತಲಿನ ಊರುಗಳಿಗೆ ಹೊರಡುವ ಮುನ್ನ ಒಂದು ಮಾತು. ಈ ಬೆಟ್ಟಗಳ ಊರುಗಳನ್ನು ಒಟ್ಟಾಗಿ ‘ಪ್ವೆಬ್ಲೋಸ್ ಬ್ಲಾಂಕೋಸ್’, ಬಿಳಿ ಊರುಗಳು ಎನ್ನುತ್ತಾರೆ. ಆ ಬಿಳುಪು ಸುಣ್ಣದ್ದು. ಬೆಟ್ಟದ ಕಲ್ಲನ್ನೇ ಭಟ್ಟಿಯಲ್ಲಿ ಸುಟ್ಟು, ನೀರು ಹೊಯ್ದು ಅರಳಿಸಿ ಬಳಿದದ್ದು. ಬಿಸಿಲನ್ನು ಹಿಂದಕ್ಕೆ ಎಸೆದು ಮನೆಯನ್ನು ತಂಪಾಗಿಡುತ್ತದೆ. ಅದರ ಕ್ಷಾರ ರೋಗಾಣುಗಳನ್ನು ಕೊಲ್ಲುವುದರಿಂದ ಸಾಂಕ್ರಾಮಿಕ ರೋಗಗಳ ಕಾಲದಲ್ಲಿ ಇದು ಔಷಧಿಯೂ ಆಗಿತ್ತು. ಹಬ್ಬಕ್ಕೆ ಮುನ್ನ ಮನೆಗೆ ಸುಣ್ಣ ಹೊಡೆಯುತ್ತಿದ್ದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆರಳಿಟ್ಟಾಗ ಬಿಳಿ ಅಂಟಿದರೆ ಸುಣ್ಣ, ಅಂಟದೆ ನುಣುಪಾಗಿದ್ದರೆ ಡಬ್ಬಿಯ ಬಣ್ಣ. ಹಳೆಯ ಗೋಡೆಗಳಲ್ಲಿ ವರ್ಷ ವರ್ಷ ಬಳಿದ ಪದರಗಳು ಕೂಡಿ ಮೂಲೆಗಳ ಚೂಪು ಮಾಯವಾಗಿರುತ್ತದೆ, ಕಿಟಕಿಯ ಅಂಚುಗಳು ಬೆಣ್ಣೆ ಮೆತ್ತಿದಂತೆ ದುಂಡಗಾಗಿರುತ್ತವೆ. ಸೆವಿಲ್ ಪ್ರಾಂತ್ಯದ ಮೊರೋನ್ ದೆ ಲಾ ಫ್ರೊಂತೇರಾದಲ್ಲಿ ಸುಣ್ಣ ಸುಡುವ ಕಸುಬನ್ನು ಉಳಿಸಿಕೊಂಡ ಬಗೆಯನ್ನು ಯುನೆಸ್ಕೊ 2011ರಲ್ಲಿ ಮಾದರಿಯಾಗಿ ಪಟ್ಟಿಗೆ ಸೇರಿಸಿತು.

ಮೂರನೆಯ ದಿನ: ಕಾರಿದ್ದರೆ

ಮೊದಲು ಸೆತೆನಿಲ್, 18 ಕಿ.ಮೀ. ಹೊಳೆ ಕೊರೆದ ಬಂಡೆಯ ಚಾಚಿನಡಿಯಲ್ಲೇ ಮನೆಗಳಿವೆ. ಮುಂದಿನ ಗೋಡೆ ಮಾತ್ರ ಕಟ್ಟಿದ್ದು, ಸೂರು ಬೆಟ್ಟವೇ ಕೊಟ್ಟದ್ದು. ಒಂದು ಬೀದಿಗೆ ಬಿಸಿಲಿನ ಗುಹೆಗಳೆಂದು, ಇನ್ನೊಂದಕ್ಕೆ ನೆರಳಿನ ಗುಹೆಗಳೆಂದು ಹೆಸರು. ಒಂಬತ್ತಕ್ಕೆ ಮುಂಚೆ ತಲುಪಿ. ಆಮೇಲೆ ಕಾರು ನಿಲ್ಲಿಸಲು ಜಾಗವಿರುವುದಿಲ್ಲ. ಜನ ಈಗಲೂ ವಾಸಿಸುವ ಮನೆಗಳಿವು, ಕಿಟಕಿಯೊಳಗೆ ಇಣುಕಬೇಡಿ.

ಅಲ್ಲಿಂದ ಜಹಾರಾ. ಚೂಪಾದ ಶಿಖರದ ಮೇಲೆ ಕೋಟೆಯ ಗೋಪುರ, ಬುಡದಲ್ಲಿ ನೀಲಿಹಸಿರು ಜಲಾಶಯ. 1481ರ ಕೊನೆಯಲ್ಲಿ ಗ್ರನಾಡಾದ ಮುಸ್ಲಿಂ ದೊರೆ ಈ ಕೋಟೆಯನ್ನು ಹಠಾತ್ತನೆ ವಶಪಡಿಸಿಕೊಂಡದ್ದೇ ಕೊನೆಗೆ ಗ್ರನಾಡಾವನ್ನು ಮುಳುಗಿಸಿದ ಹತ್ತು ವರ್ಷಗಳ ಯುದ್ಧಕ್ಕೆ ನೆಪವಾಯಿತು. ಇಲ್ಲಿಂದ ಗ್ರಜಲೇಮಾಗೆ ಹೋಗುವ ಘಟ್ಟದ ರಸ್ತೆ ತಿರುವುಗಳಿಂದ ತುಂಬಿದೆ. ವಾಂತಿಯಾಗುವ ಮಕ್ಕಳಿದ್ದರೆ ರೋಂಡಾದ ಕಡೆಯ ಸರಳ ರಸ್ತೆಯಿಂದಲೇ ಹೋಗಿ.

ಗ್ರಜಲೇಮಾ ಸ್ಪೇನಿನ ಅತಿ ಹೆಚ್ಚು ಮಳೆಯ ಊರುಗಳಲ್ಲಿ ಒಂದು. ವರ್ಷಕ್ಕೆ ಸುಮಾರು 2,000 ಮಿ.ಮೀ. ಮಲೆನಾಡಿನವರಿಗೆ ಅದು ದೊಡ್ಡ ಸಂಖ್ಯೆಯಲ್ಲ, ಆದರೆ ಕಾರಣ ಒಂದೇ: ಸಾಗರದಿಂದ ಬಂದ ಒದ್ದೆ ಗಾಳಿಗೆ ಎದುರಾಗುವ ಮೊದಲ ಎತ್ತರದ ಗೋಡೆ ಈ ಬೆಟ್ಟಗಳೇ. ಆ ತೇವದಿಂದಾಗಿಯೇ ಪಿನ್ಸಾಪೊ ಎಂಬ ಪುರಾತನ ಫರ್ (ಸೂಜಿಯೆಲೆಯ) ಮರ ಇಲ್ಲಿ ಉಳಿದುಕೊಂಡಿದೆ. ಸ್ಪೇನಿನಲ್ಲಿ ಅದು ಸಹಜವಾಗಿ ಬೆಳೆಯುವುದು ಈ ಸುತ್ತಿನ ಕೆಲವು ಬೆಟ್ಟಗಳಲ್ಲಿ ಮಾತ್ರ. ಆ ಕಾಡಿನ ನಡಿಗೆಗೆ ಮೊದಲೇ ಅನುಮತಿ ಪಡೆಯಬೇಕು, ಬೇಸಿಗೆಯಲ್ಲಿ ಬೆಂಕಿಯ ಭಯದಿಂದ ನಿರ್ಬಂಧವಿರುತ್ತದೆ. ಊರಿನಲ್ಲಿ ಉಣ್ಣೆಯ ಕಂಬಳಿ ನೇಯುವ ಪರಂಪರೆಯಿದೆ. ಒಂದು ಕೊಂಡರೆ ದುಬಾರಿಯೆನಿಸಬಹುದು, ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ.

ಕಾರಿಲ್ಲದಿದ್ದರೆ

ಬೇಸರಪಡಬೇಡಿ. ನಿಜ ಹೇಳಬೇಕೆಂದರೆ ನನಗೆ ಹೆಚ್ಚು ಹಿಡಿಸಿದ ದಿನ ಕಾರಿಲ್ಲದ ದಿನವೇ. 1890ರ ದಶಕದ ಮೊದಲ ವರ್ಷಗಳಲ್ಲಿ ಹಾಕಿದ ರೈಲುಹಳಿ ರೋಂಡಾದಿಂದ ಗ್ವಾದಿಯಾರೊ ಕಣಿವೆ ಹಿಡಿದು ಅಲ್ಹೆಸಿರಾಸ್ ಬಂದರಿಗೆ ಇಳಿಯುತ್ತದೆ. ಬೆನಾವೊಹಾನ್ ನಿಲ್ದಾಣದಲ್ಲಿ ಇಳಿದು, ಹೊಳೆಯ ಬದಿಯ ಕಾಲುದಾರಿಯಲ್ಲಿ ಹಿಮೇರಾ ದೆ ಲೀಬಾರ್ ನಿಲ್ದಾಣದವರೆಗೆ ನಡೆದರೆ ಸುಮಾರು 8 ಕಿ.ಮೀ. ಅಲ್ಲಿಂದ ರೈಲು ಹತ್ತಿ ಮರಳಬಹುದು. ದಿನಕ್ಕೆ ಕೆಲವೇ ಗಾಡಿಗಳಿರುವುದರಿಂದ ಮರಳುವ ಗಾಡಿಯ ಹೊತ್ತನ್ನು ಮೊದಲು ಗೊತ್ತುಮಾಡಿಕೊಂಡು, ಅದಕ್ಕೆ ಹಿಂದೆ ಲೆಕ್ಕ ಹಾಕಿ ಹೊರಡಿ. ಎರಡು ಬಾಟಲಿ ನೀರು, ಟೋಪಿ, ತಿನ್ನಲು ಏನಾದರೂ ಇರಲಿ.

ಬೆನಾವೊಹಾನ್ ಹತ್ತಿರದ ಗುಡ್ಡದಲ್ಲಿ ಪಿಲೇತಾ ಗುಹೆಯಿದೆ. 1905ರಲ್ಲಿ ಹೊಸೆ ಬುಯೋನ್ ಎಂಬ ರೈತ ಹೊಲದ ಗೊಬ್ಬರಕ್ಕೆ ಬಾವಲಿ ಹಿಕ್ಕೆ ಹುಡುಕುತ್ತ ಹಗ್ಗ ಹಿಡಿದು ಇಳಿದಾಗ ಗೋಡೆಗಳ ಮೇಲೆ ಕುದುರೆ, ಮೇಕೆ, ಗೂಳಿಗಳು ಕಂಡವು; ಹಳೆಯ ಶಿಲಾಯುಗದ ಜನ ಬರೆದವು. ಒಂದು ದೊಡ್ಡ ಮೀನೂ ಇದೆ. ತಲೆಮಾರುಗಳಿಂದ ಆತನ ಕುಟುಂಬದವರೇ ಗುಹೆಯನ್ನು ಕಾದು ತೋರಿಸುತ್ತ ಬಂದಿದ್ದಾರೆ. ಒಳಗೆ ಫೋಟೊ ತೆಗೆಯುವಂತಿಲ್ಲ, ಕೈಯಲ್ಲಿ ಹಿಡಿದ ದೀಪಗಳ ಬೆಳಕಿನಲ್ಲೇ ನೋಡಬೇಕು. ಒಂದು ಸಲಕ್ಕೆ ಕೆಲವರನ್ನಷ್ಟೇ ಬಿಡುವುದರಿಂದ ಮೊದಲೇ ಜಾಗ ಕಾದಿರಿಸಿ. ಮಾರ್ಗದರ್ಶಿ ದೀಪವನ್ನು ನಿಧಾನವಾಗಿ ಸರಿಸಿದಾಗ ಕಲ್ಲಿನ ಉಬ್ಬಿನ ಮೇಲೆ ಬರೆದ ಕುದುರೆಯ ಹೊಟ್ಟೆ ಉಸಿರಾಡಿದಂತೆ ಕಾಣುತ್ತದೆ. ನನ್ನ ಪಕ್ಕದಲ್ಲಿದ್ದ ಪುಟ್ಟ ಹುಡುಗಿ ಅಮ್ಮನ ಕೈ ಹಿಡಿದು ತನ್ನ ಭಾಷೆಯಲ್ಲಿ ಪಿಸುಗುಟ್ಟಿದಳು. ಕುದುರೆ ಎಚ್ಚರವಾಗಿಬಿಟ್ಟೀತು ಎಂಬಂತೆ ಅಲ್ಲಿದ್ದವರೆಲ್ಲ ಆಮೇಲೆ ಪಿಸುದನಿಯಲ್ಲೇ ಮಾತಾಡಿದರು.

ನಿಲ್ದಾಣದಿಂದ ಗುಹೆಯವರೆಗಿನ ದಾರಿ ಏರು, ಬಸ್ಸಿಲ್ಲ. ಟ್ಯಾಕ್ಸಿಯನ್ನು ರೋಂಡಾದಲ್ಲೇ ಮಾತಾಡಿಕೊಂಡು, ಗುಹೆ ನೋಡುವಷ್ಟು ಹೊತ್ತು ಕಾಯುವಂತೆ ಹೇಳಿ. ಹೊರಗೆ ಬಂದಾಗ ಮೊಬೈಲ್ ಸಂಪರ್ಕ ಸಿಗುತ್ತದೆಂದು ನಂಬಿ ಕೂರಬೇಡಿ.